ಶಿವರಾಜಣ್ಣನ ಕಾಲಿನ ಮೇಲೆ ಒಂದು ವಾರ್ಡು

ನಾನು ಮುಖಗಳಿಗಿಂತ ಕಾಲುಗಳನ್ನು ಹೆಚ್ಚು ನೋಡಿದವಳು. ಈಗಲೂ ಹೈದರಾಬಾದಿನ ಕಾಚಿಗೂಡದ ತರಕಾರಿ ಅಂಗಡಿಯಲ್ಲಿ ಯಾರಾದರೂ ಎದುರು ನಿಂತು, "ಗುರ್ತು ಸಿಕ್ಕಿತೇನ್ರಿ ಡಾಕ್ಟರ?" ಎಂದರೆ ನನ್ನ ಕಣ್ಣು ತಾನಾಗಿಯೇ ಅವರ ಪಾದದ ಕಡೆಗೆ ಇಳಿಯುತ್ತದೆ. ಪ್ಯಾಂಟನ್ನು ಎರಡು ಗೇಣು ಮೇಲೆತ್ತಿ ತೋರಿಸಿದರೆ ಅವರ ಹೆಸರು, ಊರು, ಅವರ ಅತ್ತೆಯ ಸ್ವಭಾವ ಎಲ್ಲವೂ ನೆನಪಾಗುತ್ತದೆ. ಆದರೆ ತರಕಾರಿ ಅಂಗಡಿಯಲ್ಲಿ ಹಾಗೆ ಕೇಳುವುದು ಕಷ್ಟ.

ಬೇಗಂಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಉಬ್ಬಿದ ಸಿರೆಗಳ ಶಸ್ತ್ರವೈದ್ಯೆಯಾಗಿದ್ದೆ. ಈಗ ಆ ವಿಭಾಗಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ. "ಮೇಡಂ, ಲೇಸರ್ ಒಳ್ಳೆಯದೋ, ನೊರೆ ಇಂಜೆಕ್ಷನ್ ಒಳ್ಳೆಯದೋ, ಅಂಟು ಒಳ್ಳೆಯದೋ?" ಎಂದು ಕೇಳುತ್ತಾರೆ. ಅದೆಲ್ಲ ಅವರ ಪುಸ್ತಕದಲ್ಲಿ ನನಗಿಂತ ಚೆನ್ನಾಗಿ ಬರೆದಿದೆ. ಪುಸ್ತಕದಲ್ಲಿ ಇಲ್ಲದಿರುವುದು ಆ ಕಾಲಿನ ಹಿಂದೆ ನಡೆದುಕೊಂಡು ಬರುವ ಜನ. ಅವರ ಬಗ್ಗೆ ನಾಲ್ಕು ಮಾತು ಬರೆದಿಟ್ಟಿದ್ದೇನೆ.

ರೋಗ ಸರಳವಾದದ್ದು. ಕಾಲಿನ ರಕ್ತ ಮೇಲೇರಿ ಹೃದಯ ಸೇರಬೇಕು. ಏರಿದ್ದು ಮತ್ತೆ ಇಳಿಯದಂತೆ ಸಿರೆಯೊಳಗೆ ಸಣ್ಣ ಸಣ್ಣ ಕವಾಟಗಳಿವೆ. ಅವು ಸಡಿಲಾದರೆ ರಕ್ತ ಕೆಳಗೇ ತುಂಬಿಕೊಂಡು ಸಿರೆಗಳು ಹಗ್ಗದಂತೆ ಸುತ್ತಿಕೊಂಡು ಉಬ್ಬುತ್ತವೆ. ಕೆಲವರಿಗೆ ಚರ್ಮದ ಮೇಲೆ ಜೇಡರ ಬಲೆಯಂಥ ಕೆಂಪು, ನೀಲಿ ಗೆರೆಗಳಷ್ಟೇ ಮೂಡುತ್ತವೆ. ಜನ ಎರಡಕ್ಕೂ 'ನರ' ಎನ್ನುತ್ತಾರೆ. ತೆಲುಗಿನವರೂ ಹಾಗೆಯೇ. ಅದು ನರವಲ್ಲ, ಸಿರೆ ಎಂದು ಮೊದಲ ಕೆಲವು ವರ್ಷ ತಿದ್ದಿದೆ. ಆಮೇಲೆ ನಾನೂ ನರ ಅನ್ನತೊಡಗಿದೆ.

ನನ್ನ ಮೇಲಧಿಕಾರಿಯ ಹೆಸರು ಡಾಕ್ಟರ್ ನರಹರಿ. ನರ ಹರಿಯುವವರು ಎಂದು ರೋಗಿಗಳು ಅದಕ್ಕೆ ಅರ್ಥ ಮಾಡಿಕೊಂಡಿದ್ದರು, ಆ ಅರ್ಥ ಸರಿಯಾಗಿಯೇ ಇತ್ತು. ಆಗಿನ ಪದ್ಧತಿಯೇ ಹಾಗಿತ್ತು: ತೊಡೆಸಂದಿಯಲ್ಲಿ ಒಂದು ಕೊಯ್ತ, ಕೆಳಗೊಂದು ಕೊಯ್ತ, ನಡುವೆ ತಂತಿ ತೂರಿಸಿ ಕೆಟ್ಟ ಸಿರೆಯನ್ನು ಉದ್ದಕ್ಕೆ ಎಳೆದು ತೆಗೆಯುವುದು. ನರಹರಿಯವರ ಕೈ ಬಹಳ ಶುದ್ಧ. ಆದರೆ ಅವರಿಗೊಂದು ಚಪಲವಿತ್ತು. ತೆಗೆದ ಸಿರೆಯನ್ನು ಸ್ಟೀಲ್ ತಟ್ಟೆಯಲ್ಲಿ ಸುರುಳಿಯಾಗಿ ಜೋಡಿಸಿ ಹೊರಗೆ ಕೂತ ಮನೆಯವರಿಗೆ ತಾವೇ ತೋರಿಸಬೇಕು.

ಒಮ್ಮೆ ಅಫಜಲಪುರದ ಕಡೆಯ ಗಾರೆ ಕೆಲಸದವನೊಬ್ಬನಿಗೆ ಆಪರೇಷನ್ ಆಯಿತು. ಹೊರಗೆ ಅವನ ತಾಯಿ ಕೂತಿದ್ದಳು. ತಟ್ಟೆ ನೋಡಿದ್ದೇ ಎದ್ದು ಸೆರಗು ಹೊದ್ದು ಕೈಮುಗಿದಳು.

"ಹಾವ! ನಾ ಮೊದ್ಲs ಹೇಳಿದ್ದೆ, ಇವ ಮಣ್ಣ ಅಗಿಯೂ ಮುಂದ ಹುತ್ತ ಕೆಡವ್ಯಾನಂತ. ಅದs ಬಂದು ಕಾಲಾಗ ಕುಂತಿತ್ತು."

ನಾನು ವಿವರಿಸಲು ಬಾಯಿ ತೆರೆದೆ. ನರಹರಿಯವರು ನನ್ನನ್ನು ಕೈಸನ್ನೆಯಲ್ಲಿ ತಡೆದು, ತಮ್ಮ ಮುರುಕು ಕನ್ನಡದಲ್ಲಿ, "ಇದು ಸಣ್ಣದಮ್ಮಾ. ಹೋದ ವಾರದ್ದು ನೀನು ನೋಡಬೇಕಿತ್ತು" ಎಂದರು.

ಆಕೆ ತಟ್ಟೆಗೆ ಅರಿಶಿನ ಹಾಕಿದಳು. ಕ್ಯಾಂಟೀನಿನಿಂದ ಹಾಲು ತರಿಸಿದಳು. ಮನೆಗೆ ಒಯ್ದು ಮಣ್ಣು ಮಾಡುತ್ತೇನೆ ಎಂದಾಗ ಆಸ್ಪತ್ರೆಯ ನಿಯಮ ಅಡ್ಡ ಬಂತು. ಕೊನೆಗೆ ನರಹರಿಯವರು ಇಲ್ಲೇ ಶಾಸ್ತ್ರೋಕ್ತವಾಗಿ ಸುಡಿಸುವುದಾಗಿ ಮಾತು ಕೊಟ್ಟರು. ಆಸ್ಪತ್ರೆಯ ಕಸ ಹೇಗೂ ಸುಡಲಿಕ್ಕೇ ಹೋಗುತ್ತಿದ್ದುದರಿಂದ ಅದು ಸುಳ್ಳಾಗಿರಲಿಲ್ಲ. ಆದರೆ ಮರುದಿನ ಇಡೀ ವಾರ್ಡು ಎದ್ದು ಕೂತಿತು. "ನಮ್ಮ ಹಾವೆಲ್ಲಿ?" ಎಂದು ಪ್ರತಿಯೊಬ್ಬರೂ ಕೇಳತೊಡಗಿದರು. ಹೆಚ್ಚು ಗಲಾಟೆ ಮಾಡಿದವನು ಮೂಲೆಯ ಹಾಸಿಗೆಯವನು. ಅವನಿಗೆ ಆಗಿದ್ದದ್ದು ಹರ್ನಿಯಾ ಆಪರೇಷನ್.

ಆಪರೇಷನ್ ಬೇಡ ಎನ್ನುವವರಿಗೆ ಒತ್ತು ಕಾಲುಚೀಲ ಕೊಡುತ್ತಿದ್ದೆವು. ಪಾದದ ಹತ್ತಿರ ಬಿಗಿಯಾಗಿ, ಮೇಲೆ ಹೋದಂತೆ ಸಡಿಲಾಗುವ ಆ ಚೀಲ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಹಾಕಿಕೊಳ್ಳಬೇಕು. ಹೈದರಾಬಾದಿನ ಬೇಸಿಗೆಯಲ್ಲಿ ಇದನ್ನು ಹೇಳುವುದಕ್ಕೂ ಧೈರ್ಯ ಬೇಕು. ನಮ್ಮ ಓಣಿಯ ಇಂದಿರಾಬಾಯಿ ಎಂಬ ಅಜ್ಜಿಗೆ ನಾನೇ ಅಳತೆ ತೆಗೆದು ಕೊಡಿಸಿದ್ದೆ. ಬಾವು ಇಳಿಯಲೇ ಇಲ್ಲ. ಕೇಳಿದಾಗಲೆಲ್ಲ, "ದಿನಾ ಉಪಯೋಗ ಮಾಡ್ತೇನಿ" ಎನ್ನುತ್ತಿದ್ದರು. ಹಬ್ಬದ ದಿನ ಊಟಕ್ಕೆ ಕರೆದರು. ಅಡುಗೆಮನೆಯ ಗೂಟಕ್ಕೆ ಕಾಲುಚೀಲ ತೂಗುಬಿದ್ದಿತ್ತು, ತುದಿಯಿಂದ ತೊಟ್ಟು ತೊಟ್ಟಾಗಿ ಮೊಸರಿನ ನೀರು ಇಳಿಯುತ್ತಿತ್ತು.

"ಕಾಲಿಗೆ ಒಮ್ಮೆನೂ ಹಾಕಿಲ್ರಿ, ಮಡೀಲೆ ಇಟ್ಟೇನಿ," ಎಂದರು ಇಂದಿರಾಬಾಯಿ. "ಧೋತರದ ಅರಿವ್ಯಾಗ ಶ್ರೀಖಂಡದ ಚಕ್ಕಾ ಇಷ್ಟು ಗಟ್ಟಿ ಆಗ್ತಿರಲಿಲ್ಲ. ಕೆಳಗ ಬಿಗಿ, ಮ್ಯಾಲೆ ಸಡ್ಲ. ಭಾಳ ವಿಚಾರ ಮಾಡಿ ಮಾಡ್ಯಾರ ನೋಡ್ರಿ."

ಶ್ರೀಖಂಡ ನಿಜಕ್ಕೂ ಚೆನ್ನಾಗಿತ್ತು. ಎರಡನೆಯ ಸಲ ಹಾಕಿಸಿಕೊಂಡು, ಇನ್ನೊಂದು ಜೊತೆ ಚೀಲ ಬರೆದುಕೊಟ್ಟು ಬಂದೆ. ಒಂದು ಜೊತೆ ಕಾಲಿಗೆ ಎಂದು ಗಟ್ಟಿಯಾಗಿ ಹೇಳಿದೆ.

ಆಮೇಲೆ ಲೇಸರ್ ಬಂತು. ಕೆಟ್ಟ ಸಿರೆಯೊಳಗೆ ಸಣ್ಣ ನಾರು ತೂರಿಸಿ, ಸುತ್ತ ಮರಗಟ್ಟುವ ಮದ್ದು ತುಂಬಿ, ಸಿರೆಯನ್ನು ಒಳಗಿನಿಂದಲೇ ಸುಟ್ಟು ಮುಚ್ಚುವುದು. ರೋಗಿ ಅದೇ ದಿನ ನಡೆದು ಮನೆಗೆ ಹೋಗುತ್ತಾನೆ. ಯಂತ್ರದ ಪೂಜೆಯ ದಿನ ಕಂಪನಿಯ ಎಂಜಿನಿಯರ್, ಕೋಣೆಯಲ್ಲಿರುವ ಪ್ರತಿಯೊಬ್ಬರೂ ರಕ್ಷಣೆಯ ಕನ್ನಡಕ ಹಾಕಲೇಬೇಕು ಎಂದು ಹಟ ಹಿಡಿದ. ಯಂತ್ರಕ್ಕೆ ವಿದ್ಯುತ್ತಿನ ಸಂಪರ್ಕವನ್ನೇ ಇನ್ನೂ ಕೊಟ್ಟಿರಲಿಲ್ಲ. ಆದರೂ ಅಧ್ಯಕ್ಷರು, ದಾದಿಯರು, ಫೋಟೋದವನು, ಪುರೋಹಿತರು ಎಲ್ಲರೂ ಕಡು ಹಸಿರು ಕನ್ನಡಕ ಏರಿಸಿದರು. ಪುರೋಹಿತರಿಗೆ ಏನೂ ಕಾಣದಾಗಿ ಆರತಿಯನ್ನು ಯಂತ್ರಕ್ಕೆ ಬದಲು ನರಹರಿಯವರಿಗೆ ಎತ್ತಿದರು. ಅವರೂ ಗಂಭೀರವಾಗಿ ಸ್ವೀಕರಿಸಿದರು.

ಆದರೆ ಅವರಿಗೆ ಆ ಯಂತ್ರ ಒಗ್ಗಲಿಲ್ಲ. "ಹೊರಗೆ ಬರದ ನರವನ್ನು ನಂಬುವುದು ಹೇಗೆ ಸುಮಿತ್ರಾ?" ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಖಾಲಿ ತಟ್ಟೆಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ ಕೆಳಗಿಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ವಿಭಾಗ ನನ್ನ ಕೈಗೆ ಬಂತು. ಅದಾಗಿ ಕೆಲವು ವರ್ಷಕ್ಕೆ ಶಿವರಾಜಣ್ಣ ಬಂದರು.

ಶಿವರಾಜಪ್ಪ ಹುಮನಾಬಾದ್ ಕಡೆಯವರು. ಬಾಲಾನಗರದಲ್ಲಿ ಲೇತ್ ಮಷಿನ್ನಿನ ಮುಂದೆ ಹಗಲೆಲ್ಲ ನಿಂತು ದುಡಿದು, ಆಮೇಲೆ ತಮ್ಮದೇ ವರ್ಕ್‌ಶಾಪ್ ಹಾಕಿದವರು. ನೀರು ಬರದಿದ್ದರೆ, ಮೋರಿ ಕಟ್ಟಿದರೆ ಓಣಿಯ ಜನ ಅವರನ್ನೇ ಕರೆಯುತ್ತಿದ್ದರು. ಹಾಗೆ ಅವರು ಅಣ್ಣ ಆದರು. ಈಗ ವಾರ್ಡಿನ ಚುನಾವಣೆಗೆ ಸ್ಪರ್ಧಿಸುವವರಿದ್ದರು. ಅವರ ಜೊತೆ ಹೆಂಡತಿ ಕಸ್ತೂರಿ, ಬಲಗೈಯಂತಿದ್ದ ಯಾದಗಿರಿ ಮತ್ತು ಹತ್ತು ಹನ್ನೆರಡು ಜನ ಬಂದಿದ್ದರು.

ನಾನು ಕನ್ನಡದವಳೆಂದು ತಿಳಿದ ಕೂಡಲೇ ಶಿವರಾಜಣ್ಣ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಮೇಡಂ, ಕಾಲು ಭಾರ ಆಗತೈತ್ರಿ, ಸಂಜೀಕ ಬಾವು ಬರತೈತಿ. ಇಲಾಜ್ ಮಾಡ್ರಿ. ಆದ್ರ ಈ ಕೆಂಪು ಗೆರಿಗೆ ಕೈ ಹಚ್ಚಬ್ಯಾಡ್ರಿ."

ಎಡಗಾಲಿನ ಒಳಬದಿಯ ಗಿಣ್ಣಿನ ಸುತ್ತ ಜೇಡರ ಬಲೆಯಂಥ ಗೆರೆಗಳು ದಟ್ಟವಾಗಿ ಹರಡಿದ್ದವು. ಆ ಜಾಗದಲ್ಲಿ ಅವು ಬಂದರೆ ಬರೀ ಚೆಂದದ ಪ್ರಶ್ನೆಯಲ್ಲ, ಒಳಗಿನ ದೊಡ್ಡ ಸಿರೆ ಸೋರುತ್ತಿದೆ ಎಂಬ ಎಚ್ಚರಿಕೆ. ನಾನು ಅದನ್ನು ಹೇಳುವಷ್ಟರಲ್ಲಿ ಯಾದಗಿರಿ ಬಗ್ಗಿ ಬೆರಳಿಟ್ಟ.

"ಇದು ರೈಲ್ವೆ ಲೈನ್ ಮೇಡಂ. ಇದು ನಾಲಾ. ಇದು ಟ್ಯಾಂಕಿನ ರೋಡು. ಇಗೋ, ಇಲ್ಲಿ ನಮ್ಮ ಮನೆ."

"ನಂದು ಅದರ ಹಿಂದಿನ ಗಲ್ಲಿ," ಎಂದ ಇನ್ನೊಬ್ಬ.

ಯಾರೋ ಒಬ್ಬರು ಒಂದು ದಿನ ಶಿವರಾಜಣ್ಣನ ಕಾಲು ನೋಡಿ, ಇದು ನಮ್ಮ ವಾರ್ಡಿನ ನಕಾಶೆಯಂತಿದೆ ಎಂದಿದ್ದರಂತೆ. ಅಂದಿನಿಂದ ಜನ ಬಂದು ತಮ್ಮ ತಮ್ಮ ಓಣಿ ಹುಡುಕತೊಡಗಿದರು. ಇವನ ಕಾಲಲ್ಲಿ ನಮ್ಮ ವಾರ್ಡು ಹುಟ್ಟಿನಿಂದಲೇ ಇದೆ, ಇವನಿಗಲ್ಲದೆ ಯಾರಿಗೆ ವೋಟು ಎಂಬ ಮಾತು ಹಬ್ಬಿತು. ಹೊಸ ಬಸ್ತಿ ಎಂಬ ಒಂದು ಭಾಗ ಮಾತ್ರ ಕಾಲಿನಲ್ಲಿ ಎಲ್ಲೂ ಇರಲಿಲ್ಲ. ಗೆದ್ದರೆ ನಮ್ಮ ಮೋರಿ ಇವನು ಕಟ್ಟಿಸುವುದಿಲ್ಲ ಎಂದು ಅಲ್ಲಿಯವರು ಆಗಲೇ ಮುನಿಸಿಕೊಂಡಿದ್ದರು.

ನಾನು ಎಷ್ಟೇ ನೋಡಿದರೂ ನನಗೆ ಕಂಡದ್ದು ಸೋರುವ ಸಿರೆ. ಆದರೆ ಗೆರೆಗಳಿಗಿಂತ ಒಂದು ಬೆರಳು ಮೇಲೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿತ್ತು.

"ಇದೇನು?"

"ಏನಿಲ್ರಿ, ತರಚೇತಿ," ಎಂದರು ಶಿವರಾಜಣ್ಣ ಅವಸರದಿಂದ.

ನಾನು ಗಂಡ ಹೆಂಡತಿ ಇಬ್ಬರನ್ನು ಬಿಟ್ಟು ಉಳಿದವರನ್ನು ಹೊರಗೆ ಕಳಿಸಿದೆ. ಬಾಗಿಲು ಮುಚ್ಚಿದ ಮೇಲೆ ಕಸ್ತೂರಿ ತಾನೇ ಕೂತು ಪಟ್ಟಿ ಬಿಚ್ಚಿದಳು. ಅಂಗೈಯಗಲದ ಹುಣ್ಣು. ವರ್ಷಗಳಿಂದ ಮಾಯದೆ ಉಳಿದದ್ದು. ದಿನಾ ಬೆಳಿಗ್ಗೆ ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಹಳೆಯ ಧೋತರ ಹರಿದು ಕಟ್ಟುತ್ತಿದ್ದವಳು ಆಕೆ. ವಾಸನೆ ಬರದಿರಲೆಂದು ಅವರ ಶರ್ಟಿಗೆ ಅತ್ತರು ಹಚ್ಚುತ್ತಿದ್ದವಳೂ ಆಕೆಯೇ.

"ಮಂದಿ ಮ್ಯಾಪ್ ನೋಡತಾರ್ರಿ. ನಾ ಇದನ್ನ ನೋಡಕೋತ ಬಂದೀನಿ," ಎಂದಳು. "ಒಂದೊಂದಿನ ಹಾಸಿಗಿ ತುಂಬ ರಸಿಗಿ."

ಪಾದದ ನಾಡಿ ಚೆನ್ನಾಗಿತ್ತು. ಸ್ಕ್ಯಾನ್ ಮಾಡಿದರೆ ತೊಡೆಯ ದೊಡ್ಡ ಸಿರೆ ಉದ್ದಕ್ಕೂ ಸೋರುತ್ತಿತ್ತು. ಅದನ್ನು ಮುಚ್ಚಿದರೆ ಹುಣ್ಣು ಮಾಯುವ ಸಾಧ್ಯತೆ ಬಹಳ. ಆದರೆ ಒತ್ತಡ ಇಳಿದರೆ ಗೆರೆಗಳೂ ಮಸುಕಾಗಬಹುದು ಎಂದೆ.

"ಹಂಗಾರ ಚುನಾವಣೆ ಮುಗೀಲಿ," ಎಂದು ಶಿವರಾಜಣ್ಣ ಪ್ಯಾಂಟು ಇಳಿಸಿದರು.

ಅಷ್ಟು ದಿನ ಕಾಯಲು ಕಾಲು ಒಪ್ಪಲಿಲ್ಲ. ಒಂದು ಮಧ್ಯಾಹ್ನ ನಾನು ಹೊರರೋಗಿಗಳನ್ನು ನೋಡುತ್ತಿದ್ದಾಗ ಯಾದಗಿರಿಯ ಫೋನು ಬಂತು. ಹಿಂದೆ ಡೋಲು, ಕೂಗು. ಪ್ರಚಾರದ ಜೀಪಿನ ಮೇಲೆ ಅಣ್ಣ ನಿಂತಿದ್ದಾಗ, ಯಾರೋ ಮುದುಕರು ತಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಎಲ್ಲಿ ಬರಬೇಕೆಂದು ಕಾಲಿನ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ತೋರಿಸಿದ್ದರು. ತೆಳುವಾದ ಚರ್ಮ ಹರಿದು ರಕ್ತ ಚಿಮ್ಮಿತ್ತು. ಜೊತೆಗಿದ್ದವರು ಮೊಣಕಾಲ ಮೇಲೆ ಟವೆಲ್ ಬಿಗಿದು ಕಟ್ಟಿ ಶಿವರಾಜಣ್ಣನನ್ನು ಇನ್ನೂ ನಿಲ್ಲಿಸಿಯೇ ಇಟ್ಟಿದ್ದರು.

"ಟವೆಲ್ ಬಿಚ್ಚು! ಮೊದಲು ಮಲಗಿಸು!" ಎಂದೆ. ಮೇಲೆ ಬಿಗಿದರೆ ಸಿರೆಯ ರಕ್ತ ಏರಲಾಗದೆ ಇನ್ನೂ ಹೆಚ್ಚು ಸುರಿಯುತ್ತದೆ.

"ಏನೂ ಕೇಳಿಸ್ತಿಲ್ಲ ಮೇಡಂ, ಗಲಾಟೆ," ಎಂದ. ಆಮೇಲೆ ಫೋನನ್ನು ಸ್ಪೀಕರಿಗೆ ಹಾಕಿ, ಅದನ್ನು ಪ್ರಚಾರದ ಮೈಕಿನ ಮುಂದೆ ಹಿಡಿದಿದ್ದಾನೆ. ನನಗೆ ಅದು ಗೊತ್ತಿಲ್ಲ. ಎಲ್ಲರಿಗೂ ತಿಳಿಯಲೆಂದು ತೆಲುಗಿನಲ್ಲಿ ಕಿರುಚಿದೆ: "ಪಡುಕೋಬೆಟ್ಟಂಡಿ! ಕಾಲು ಪೈಕಿ ಎತ್ತಂಡಿ!" ಮಲಗಿಸಿ, ಕಾಲು ಮೇಲೆತ್ತಿ ಎಂದು.

ನನ್ನ ದನಿ ಬೀದಿಯ ಎಲ್ಲ ಕಂಬಗಳ ಮೇಲಿಂದಲೂ ಮೊಳಗಿತಂತೆ. ಮುಂದಿನ ಸಾಲಿನ ಕೆಲವು ಹಿರಿಯರು, ಮೇಲಿಂದ ಆಜ್ಞೆಯಾಯಿತೆಂದು ತಾವೇ ರಸ್ತೆಯ ಮೇಲೆ ಮಲಗಿ ಕಾಲೆತ್ತಿದರು. ಜೀಪಿನ ಮೇಲೆ ಮಾತ್ರ ಚರ್ಚೆ ನಡೆಯುತ್ತಿತ್ತು. ಅಭ್ಯರ್ಥಿ ಮತದಾರರಿಗೆ ಕಾಲು ತೋರಿಸಿ ಮಲಗುವುದು ಸರಿಯೇ? ಪೂರ್ವಕ್ಕೆ ಕಾಲು ಮಾಡಿದರೆ ಗುಡಿ ಬರುತ್ತದೆ, ಪಶ್ಚಿಮಕ್ಕೆ ಮಾಡಿದರೆ ದರ್ಗಾ. ಉತ್ತರಕ್ಕೆ ಎದುರಾಳಿಯ ಕಚೇರಿ. ಆ ದಿಕ್ಕು ಎಲ್ಲರಿಗೂ ಒಪ್ಪಿಗೆಯಾಯಿತು. ಅಷ್ಟರಲ್ಲಿ ಕಸ್ತೂರಿ ಜನರನ್ನು ಸರಿಸಿ ಜೀಪು ಹತ್ತಿ, ಗಂಡನನ್ನು ಬಾನೆಟ್ಟಿನ ಮೇಲೆ ಕೆಡವಿ, ಟವೆಲ್ ಕಿತ್ತೆಸೆದು, ಕಾಲನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು, ರಕ್ತ ಬರುವ ಕಡೆ ಬೆರಳಿಂದ ಒತ್ತಿ ಹಿಡಿದಳು. ರಕ್ತ ನಿಂತಿತು. ಜೀಪು ಹಾಗೆಯೇ ಬೇಗಂಪೇಟೆಗೆ ಹೊರಟಿತು. ದಾರಿಯುದ್ದಕ್ಕೂ ಜನ ಅದನ್ನು ಹೊಸ ಬಗೆಯ ಮೆರವಣಿಗೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ನಮ್ಮ ಬಾಗಿಲಿಗೆ ಬಂದಾಗಲೂ ಆಕೆ ಬೆರಳು ತೆಗೆದಿರಲಿಲ್ಲ. ಬೆರಳು ಬಿಡಿಸಲು ನಾನೇ ಮೆಲ್ಲಗೆ ಅವಳ ಕೈ ಹಿಡಿಯಬೇಕಾಯಿತು.

ಮರುದಿನ ಚಿಕಿತ್ಸೆ ಯಾವುದು ಎಂದು ಹೇಳಲು ಗಂಡ ಹೆಂಡತಿ ಇಬ್ಬರನ್ನು ಕರೆದರೆ ಇಡೀ ಪ್ರಚಾರ ಸಮಿತಿ ಬಂದು ಕೂತಿತು. ಅಣ್ಣನ ಕಾಲು ಸಾರ್ವಜನಿಕ ವಿಷಯ ಎಂದ ಯಾದಗಿರಿ. ನಾನು ಒಂದೊಂದಾಗಿ ವಿವರಿಸಿದೆ. ಒತ್ತು ಪಟ್ಟಿ ಕಟ್ಟುವುದು ಹೇಗೂ ಬೇಕು, ಆದರೆ ಅದೊಂದರಿಂದಲೇ ಮೂಲ ಹೋಗದು. ಹಳೆಯ ರೀತಿಯಲ್ಲಿ ಎಳೆದು ತೆಗೆಯಬಹುದು. ಲೇಸರಿನಿಂದ ಮುಚ್ಚಬಹುದು. ಅಂಟು ಹಾಕಿ ಮುಚ್ಚುವುದೂ ಇದೆ. ಸಣ್ಣ ಉಬ್ಬುಗಳಿಗೆ ಔಷಧದ ನೊರೆ ತುಂಬಬಹುದು.

"ಅಂಟೇ ಒಳ್ಳೆಯದು," ಎಂದ ಪೋಸ್ಟರ್ ಅಂಟಿಸುವವನು. "ಮಳೆಗೂ ಬಿಡಲ್ಲ."

"ನೊರೆ ನಕ್ಕೋ, ಬೇಡವೇ ಬೇಡ," ಎಂದ ಮತ್ತೊಬ್ಬ. "ನಮ್ಮ ವಾರ್ಡಿನ ನಾಲಾದಲ್ಲಿ ನೊರೆ ಬಂದದ್ದಕ್ಕೇ ಅಲ್ಲವಾ ನಾವು ಹೋರಾಟ ಮಾಡಿದ್ದು? ಈಗ ಅಣ್ಣನ ಕಾಲಲ್ಲೇ ನೊರೆ ಅಂದರೆ ಜನ ಏನಂತಾರೆ?"

ಒಬ್ಬ ಕಾಲುಚೀಲ ಪಕ್ಷದ ಬಣ್ಣದಲ್ಲಿ ಸಿಗುತ್ತದೆಯೇ ಎಂದು ಕೇಳಿದ. ಕೊನೆಗೆ ಕೈ ಎತ್ತಿಸಿದರು. ಅಂಟಿಗೂ ಲೇಸರಿಗೂ ಸಮ ಸಮ ಮತ ಬಿದ್ದವು. ಶಿವರಾಜಣ್ಣ ತಮ್ಮ ಮತ ಯಾವುದಕ್ಕೆ ಎಂದು ನಿರ್ಧರಿಸಲಾರದೆ ಎರಡೂ ಕಡೆಯವರನ್ನು ನೋಡಿ ನಗುತ್ತಿದ್ದರು.

ಕಸ್ತೂರಿ ಎದ್ದಳು. "ಮೇಡಂ, ಹುಣ್ಣ ಮಾಯೂದು ಯಾವುದರಾಗ?"

"ನನ್ನ ಕೈಗೆ ಚೆನ್ನಾಗಿ ಪಳಗಿದ್ದು ಲೇಸರ್. ಸುತ್ತಲಿನ ಉಬ್ಬಿಗೆ ನೊರೆ ಹಾಕುತ್ತೇನೆ. ಆಮೇಲೆ ಪಟ್ಟಿ ಕಟ್ಟುತ್ತೇನೆ."

"ಹಂಗಾರ ಮಾಡ್ರಿ. ಓಣಿ ನಿಮ್ದು ಇರಬಹುದು," ಎಂದು ಸಮಿತಿಯ ಕಡೆ ತಿರುಗಿದಳು, "ಕಾಲು ನನ್ನ ಗಂಡಂದು."

ಶಿವರಾಜಣ್ಣ ಆಗ ಮೊದಲ ಸಲ ತಲೆತಗ್ಗಿಸಿದರು. "ಮಾಡ್ರಿ ಮೇಡಂ," ಎಂದರು. "ನಿನ್ನೆ ದಾರಿ ತುಂಬ ಆಕಿ ಮುಖ ನೋಡೀನಿ. ನಂಗ ರಕ್ತ ಕಂಡಾಗ ಅಷ್ಟು ಅಂಜಿಕಿ ಬಂದಿರಲಿಲ್ಲ."

ಕೆಲಸ ಚೆನ್ನಾಗಿಯೇ ಆಯಿತು. ಹುಣ್ಣು ವಾರದಿಂದ ವಾರಕ್ಕೆ ಅಂಚಿನಿಂದ ಒಳಮುಖವಾಗಿ ಮಾಯತೊಡಗಿತು. ಜೊತೆಗೆ ಓಣಿಗಳೂ ಮಾಯವಾದವು. ಮೊದಲು ಟ್ಯಾಂಕಿನ ರೋಡು ಹೋಯಿತು, ಆಮೇಲೆ ರೈಲ್ವೆ ಲೈನು. ಆ ಓಣಿಗಳ ಜನ ನನ್ನ ಕೋಣೆಯ ಮುಂದೆ ಸಾಲುಗಟ್ಟಿ ನಿಂತರು. "ಮೇಡಂ, ನಮ್ಮ ಗಲ್ಲಿ ತಿರುಗಿ ಹಾಕಿಕೊಡಿ. ನಾವು ಏನು ತಪ್ಪು ಮಾಡಿದ್ದೇವೆ?" ಎಂದು ಒಬ್ಬ ಹಿರಿಯ ಹೆಂಗಸು ಅಳುವಂತಾದಳು. ಅವಳ ಕಾಲು ನೋಡಿದೆ. ಅವಳಿಗೂ ಸಿರೆಗಳು ಉಬ್ಬಿದ್ದವು. ಹೆಸರು ಬರೆಸಿ ಹೋಗೆಂದು ಹೇಳಿದೆ. ಆ ಸಾಲಿನಲ್ಲಿ ಹಾಗೆ ಸಿಕ್ಕ ರೋಗಿಗಳು ಬಹಳ.

ಇಷ್ಟರ ನಡುವೆ ನೊರೆ ಹಾಕಿದ ಜಾಗದ ಪಕ್ಕದಲ್ಲಿ ಹೊಸದಾಗಿ ಕೆಂಪು ಎಳೆಗಳು ಮೂಡಿದವು. ಚಿಕಿತ್ಸೆಯ ನಂತರ ಕೆಲವರಿಗೆ ಹಾಗಾಗುವುದುಂಟು, ಬಹುಪಾಲು ತಾವೇ ಮಸುಕಾಗುತ್ತವೆ. ಆದರೆ ಅವು ಮೂಡಿದ ಜಾಗ, ಯಾದಗಿರಿಯ ಲೆಕ್ಕದಲ್ಲಿ, ಸರಿಯಾಗಿ ಹೊಸ ಬಸ್ತಿ. ಅಲ್ಲಿಯವರು ಡೋಲು ಬಾರಿಸಿಕೊಂಡು ಬಂದು ನನಗೆ ಶಾಲು ಹೊದಿಸಿದರು. ಅದು ಅಡ್ಡಪರಿಣಾಮ ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ, ಕೊನೆಗೆ ಕೈಸನ್ನೆಯಲ್ಲಿ ಹೇಳಿದೆ. "ನಿಮ್ಮ ದಯೆ," ಎಂದರು.

ಒಂದು ಬಸ್ತಿಯ ಮತದಿಂದ ಚುನಾವಣೆ ಗೆಲ್ಲಲಾಗುವುದಿಲ್ಲ. ಶಿವರಾಜಣ್ಣ ಸೋತರು. ಸುದ್ದಿ ಕೇಳಿ ನನಗೆ ಒಳಗೊಳಗೇ ಕಸಿವಿಸಿಯಾಯಿತು. ನನ್ನ ಲೇಸರಿನಿಂದ ಒಬ್ಬ ಮನುಷ್ಯನ ವಾರ್ಡೇ ಹೋಯಿತಲ್ಲ ಎನಿಸಿತು. ಹೀಗೊಂದು ಯೋಚನೆ ಬರುವ ವೃತ್ತಿ ಬೇರೆ ಇರಲಾರದು.

ಕೆಲವು ದಿನಗಳ ಮೇಲೆ ಗಂಡ ಹೆಂಡತಿ ಇಬ್ಬರೇ ತಪಾಸಣೆಗೆ ಬಂದರು. ಕಸ್ತೂರಿಯ ಕೈಯಲ್ಲಿ ಪೇಡೆಯ ಡಬ್ಬಿ. ದಾದಿಯರಿಗೆ, ಕಾಯುತ್ತಿದ್ದ ರೋಗಿಗಳಿಗೆ, ಕಾವಲುಗಾರನಿಗೆ ಎಲ್ಲರಿಗೂ ಹಂಚುತ್ತಲೇ ಒಳಗೆ ಬಂದಳು.

"ಗೆದ್ದವರು ಹಂಚುವುದು ನೋಡಿದ್ದೇನೆ," ಎಂದೆ.

"ಗೆದ್ದೀನಲ್ರಿ ನಾನು," ಎಂದು ಆಕೆ ಗಂಡನ ಕಾಲುಚೀಲ ಜಾರಿಸಿದಳು. ಹುಣ್ಣಿದ್ದ ಜಾಗದಲ್ಲಿ ತೆಳುವಾದ, ಹೊಳೆಯುವ ಹೊಸ ಚರ್ಮ. ಆಕೆ ಮೊದಲು ಹಿಂಗೈಯಿಂದ ಮುಟ್ಟಿ ನೋಡಿದಳು, ಆಮೇಲೆ ಅಂಗೈ ಇಟ್ಟಳು. ಶಿವರಾಜಣ್ಣ ಗೋಡೆಯ ಕಡೆ ನೋಡುತ್ತ ಕೂತಿದ್ದರು.

ನಾನು ಎಂದಿನ ಸೂಚನೆ ಕೊಟ್ಟೆ. ದಿನಾ ನಡೆಯಬೇಕು. ಮಲಗುವಾಗ ಕಾಲ ಕೆಳಗೆ ದಿಂಬು. ಬಹಳ ಹೊತ್ತು ನಿಲ್ಲಬಾರದು.

ಕಸ್ತೂರಿಯ ಮುಖ ಅರಳಿತು. "ಅದನ್ನs ಕಾಗದದ ಮ್ಯಾಲೆ ಬರದು ಆಸ್ಪತ್ರಿ ಸಿಕ್ಕಾ ಹಾಕಿಕೊಡ್ರಿ ಮೇಡಂ. ಇನ್ನs ಮುಂದ ನಿಲ್ಲಬಾರದು ಅಂತ. ಯಾದಗಿರಿ ಮುಂದಿನ ಚುನಾವಣೀದು ಈಗs ಸುರು ಮಾಡ್ಯಾನ."

ನಾನು ಪೆನ್ನು ತೆಗೆದುಕೊಂಡೆ. ಶಿವರಾಜಣ್ಣ ಮೆಲ್ಲಗೆ ಬಗ್ಗಿ, ಹೆಂಡತಿಗೆ ಕೇಳದಿರಲಿ ಎಂಬಂತೆ, ಆದರೆ ಆಕೆಗೆ ಚೆನ್ನಾಗಿ ಕೇಳುವ ಹಾಗೆ ಹೇಳಿದರು:

"ಬಹಳ ಹೊತ್ತು ಅಂತನs ಬರೀರಿ ಮೇಡಂ. ನಾ ನಿಲ್ಲೂದು ಐದು ವರ್ಷಕ್ಕೊಮ್ಮಿ."